ಮಾನಸಗಂಗೋತ್ರಿಯ ಸುತ್ತಲಿನ ವಸತಿ ಬಡಾವಣೆಗಳು

ಮಾನಸಗಂಗೋತ್ರಿಯ ಸುತ್ತಲಿನ ವಸತಿ ಬಡಾವಣೆಗಳು ಮೈಸೂರು ನಗರದ ಪಶ್ಚಿಮ ಭಾಗದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿ ಹಾಗೂ ಕುಕ್ಕರಹಳ್ಳಿ ಕೆರೆಯ ಆಸುಪಾಸಿನಲ್ಲಿ ಬೆಳೆದಿರುವ ಸರಸ್ವತಿಪುರಂ, ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು, ಪಡುವಾರಹಳ್ಳಿ, ತೊಣಚಿಕೊಪ್ಪಲು ಮತ್ತು ಬೋಗಾದಿ ಇವುಗಳಲ್ಲಿ ಮುಖ್ಯವಾದವು. ಸ್ವಲ್ಪ ದೂರದಲ್ಲಿರುವ ಕುವೆಂಪುನಗರ, ಗೋಕುಲಂ ಮತ್ತು ಯಾದವಗಿರಿಗಳನ್ನೂ ಸಾಮಾನ್ಯವಾಗಿ ಇದೇ ಗುಂಪಿಗೆ ಸೇರಿಸಲಾಗುತ್ತದೆ. ವಿದ್ಯಾರ್ಥಿಗಳು, ಸಂಶೋಧಕರು, ಅಧ್ಯಾಪಕರು ಮತ್ತು ನಿವೃತ್ತರು ವಾಸಕ್ಕೆ ಆರಿಸಿಕೊಳ್ಳುವ ಈ ಪ್ರದೇಶವು ನೆರಳಿನ ಬೀದಿಗಳು, ತಕ್ಕಮಟ್ಟಿನ ನಿಶ್ಶಬ್ದತೆ ಮತ್ತು ನಡೆದು ಹೋಗಬಹುದಾದ ದೂರದಲ್ಲಿರುವ ವಿದ್ಯಾಸಂಸ್ಥೆಗಳಿಗೆ ಹೆಸರಾಗಿದೆ. ಆದರೆ ಈ ಗುಣಗಳು ಎಲ್ಲ ಬೀದಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲ. ಆವರಣಕ್ಕೆ ಹತ್ತಿರವಿರುವ ಮನೆಯಿಂದ ಅಲ್ಲಿಗೆ ನಡೆದು ಹೋಗುವುದು ಸುಲಭವೇ ಎಂಬುದನ್ನು ಹೆದ್ದಾರಿ, ರೈಲು ಮಾರ್ಗ, ಆವರಣದ ದ್ವಾರಗಳು ಮತ್ತು ಪಾದಚಾರಿ ಮಾರ್ಗದ ಸ್ಥಿತಿ ನಿರ್ಧರಿಸುತ್ತವೆ.

ಭೌಗೋಳಿಕ ಸ್ವರೂಪ

ಮಾನಸಗಂಗೋತ್ರಿಯು 700 ಎಕರೆಗೂ ಹೆಚ್ಚು ವಿಸ್ತಾರವುಳ್ಳ ಆವರಣವಾಗಿದೆ. ಇದರ ಉತ್ತರಕ್ಕೆ ಹುಣಸೂರು ರಸ್ತೆ, ದಕ್ಷಿಣಕ್ಕೆ ಬೋಗಾದಿ ರಸ್ತೆ ಮತ್ತು ಪೂರ್ವಕ್ಕೆ ಕುಕ್ಕರಹಳ್ಳಿ ಕೆರೆ ಇವೆ. ಹುಣಸೂರು ರಸ್ತೆಯು ಮೈಸೂರಿನಿಂದ ಮಡಿಕೇರಿ ಮತ್ತು ಬಂಟ್ವಾಳದ ಕಡೆಗೆ ಹೋಗುವ ದಾರಿಯಾಗಿದ್ದು, ಇದರಲ್ಲಿ ದಿನವಿಡೀ ವಾಹನ ದಟ್ಟಣೆ ಇರುತ್ತದೆ. ಈ ರಸ್ತೆಯ ಉತ್ತರಕ್ಕೆ ಪಡುವಾರಹಳ್ಳಿ, ಜಯಲಕ್ಷ್ಮಿಪುರಂ ಮತ್ತು ಒಂಟಿಕೊಪ್ಪಲು, ಅವುಗಳಾಚೆಗೆ ಗೋಕುಲಂ ಇವೆ. ಬೋಗಾದಿ ರಸ್ತೆಯ ದಕ್ಷಿಣಕ್ಕೆ ಸರಸ್ವತಿಪುರಂ ಮತ್ತು ತೊಣಚಿಕೊಪ್ಪಲು, ಇನ್ನೂ ದಕ್ಷಿಣಕ್ಕೆ ಕುವೆಂಪುನಗರ ಇವೆ. ಪಶ್ಚಿಮದ ಬೋಗಾದಿಯು ಹಿಂದೆ ನಗರದ ಹೊರಗಿನ ಗ್ರಾಮವಾಗಿದ್ದು, ಈಗ ನಗರದೊಂದಿಗೆ ಬೆಸೆದುಕೊಂಡಿದೆ.

ಮೈಸೂರು–ಚಾಮರಾಜನಗರ ರೈಲು ಮಾರ್ಗವು ಈ ಪ್ರದೇಶವನ್ನು ಹಳೆಯ ನಗರದಿಂದ ಬೇರ್ಪಡಿಸುತ್ತದೆ. ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನ, ಮಹಾರಾಜ ಕಾಲೇಜು ಮತ್ತು ಯುವರಾಜ ಕಾಲೇಜು ಮಾರ್ಗದ ಪೂರ್ವ ಭಾಗದಲ್ಲಿವೆ. ಸರಸ್ವತಿಪುರಂ ಮತ್ತು ಮಾನಸಗಂಗೋತ್ರಿ ಪಶ್ಚಿಮ ಭಾಗದಲ್ಲಿವೆ. ಪದವಿ ಕಾಲೇಜುಗಳ ವಿದ್ಯಾರ್ಥಿಗಳು ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು ವಾಸಕ್ಕೆ ಬೇರೆ ಬೇರೆ ಬಡಾವಣೆಗಳನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಪದವಿ ವಿದ್ಯಾರ್ಥಿಗಳಿಗೆ ಚಾಮರಾಜಪುರಂ ಮತ್ತು ಲಕ್ಷ್ಮೀಪುರಂ ಹತ್ತಿರವಾದರೆ, ಮಾನಸಗಂಗೋತ್ರಿಯ ವಿದ್ಯಾರ್ಥಿಗಳಿಗೆ ಸರಸ್ವತಿಪುರಂ ಅಥವಾ ಜಯಲಕ್ಷ್ಮಿಪುರಂ ಹತ್ತಿರವಾಗುತ್ತದೆ.

ಇತಿಹಾಸ

1890ರ ದಶಕದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ತಗುಲಿ, ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳಲ್ಲಿ ಅಪಾರ ಸಾವುನೋವು ಸಂಭವಿಸಿತು. ಇದರ ಬೆನ್ನಲ್ಲೇ ಗಾಳಿ, ಬೆಳಕು ಮತ್ತು ಚರಂಡಿ ವ್ಯವಸ್ಥೆಯುಳ್ಳ ಹೊಸ ಬಡಾವಣೆಗಳ ಅಗತ್ಯ ಮನಗಾಣಲಾಯಿತು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಯೋಜಿತ ನಗರಾಭಿವೃದ್ಧಿಯನ್ನು ಕೈಗೊಂಡ ಭಾರತದ ಮೊದಲ ನಗರಗಳ ಸಾಲಿಗೆ ಮೈಸೂರು ಸೇರಿತು. ನೇರವಾದ ಮೇನ್‌ಗಳು, ಅವುಗಳನ್ನು ಅಡ್ಡ ಹಾಯುವ ಕ್ರಾಸ್‌ಗಳು, ಉದ್ಯಾನಕ್ಕೆಂದು ಬಿಟ್ಟ ಜಾಗ ಮತ್ತು ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗಳು ಈ ಕಾಲದ ಯೋಜನಾ ಕ್ರಮದ ಗುರುತುಗಳಾಗಿವೆ.

ಮೈಸೂರು ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ಅವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಆರಂಭವಾಯಿತು. ಎಚ್. ವಿ. ನಂಜುಂಡಯ್ಯನವರು ಇದರ ಮೊದಲ ಕುಲಪತಿ. ಮೊದಲ ದಶಕಗಳಲ್ಲಿ ವಿಶ್ವವಿದ್ಯಾನಿಲಯದ ಚಟುವಟಿಕೆಗಳು ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳನ್ನು ಕೇಂದ್ರವಾಗಿಟ್ಟುಕೊಂಡಿದ್ದವು. ಕುವೆಂಪು ಅವರು ಕುಲಪತಿಗಳಾಗಿದ್ದ ಅವಧಿಯಲ್ಲಿ (1956–1960) ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕ ಆವರಣ ರೂಪುಗೊಂಡಿತು. 1960ರಲ್ಲಿ ಆರಂಭವಾದ ಈ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನು ಕೊಟ್ಟವರೂ ಅವರೇ.

ಇದೇ ಕಾಲಘಟ್ಟದಲ್ಲಿ ಆಸುಪಾಸಿನಲ್ಲಿ ಇತರ ಸಂಸ್ಥೆಗಳೂ ಬೆಳೆದವು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕಾರ್ಯಾರಂಭ ಮಾಡಿತು. ಅನಂತರದ ವರ್ಷಗಳಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹಾಗೂ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಗೊಂಡವು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆರಂಭವಾಯಿತು. ಹೀಗೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಅನೇಕ ವಿದ್ಯಾಸಂಸ್ಥೆಗಳು ನೆಲೆಗೊಂಡುದರಿಂದ ಸುತ್ತಲಿನ ಬಡಾವಣೆಗಳಲ್ಲಿ ಬಾಡಿಗೆ ಮನೆಗಳಿಗೆ ಬೇಡಿಕೆ ಹೆಚ್ಚಿತು.

ಬಡಾವಣೆಗಳು

ಈ ಪ್ರದೇಶದ ಊರುಹೆಸರುಗಳ ಕೊನೆಯ ಭಾಗವು ಅನೇಕ ವೇಳೆ ಅವುಗಳ ಮೂಲವನ್ನು ಸೂಚಿಸುತ್ತದೆ. ‘ಪುರಂ’ ಎಂದು ಕೊನೆಯಾಗುವವು ಹೆಚ್ಚಾಗಿ ಯೋಜಿತ ಬಡಾವಣೆಗಳು. ‘ಹಳ್ಳಿ’ ಅಥವಾ ‘ಕೊಪ್ಪಲು’ ಎಂದು ಕೊನೆಯಾಗುವವು ನಗರ ಬೆಳೆದಂತೆ ಅದರೊಳಗೆ ಸೇರಿಹೋದ ಗ್ರಾಮಗಳು. ‘ನಗರ’ ಎಂಬುದು ಸಾಮಾನ್ಯವಾಗಿ ಸ್ವಾತಂತ್ರ್ಯಾನಂತರದ ವಿಸ್ತರಣೆಗಳಿಗೆ ಇಟ್ಟ ಹೆಸರು. ಹಳ್ಳಿಯ ಹೆಸರನ್ನು ಉಳಿಸಿಕೊಂಡೂ ಯೋಜಿತ ಬಡಾವಣೆಯಾಗಿ ಬೆಳೆದಿರುವ ಒಂಟಿಕೊಪ್ಪಲು ಇದಕ್ಕೆ ಅಪವಾದ.

ಸರಸ್ವತಿಪುರಂ: ಬೋಗಾದಿ ರಸ್ತೆಯ ದಕ್ಷಿಣಕ್ಕಿರುವ ಈ ಬಡಾವಣೆಯು ಮಾನಸಗಂಗೋತ್ರಿಗೂ ಕುಕ್ಕರಹಳ್ಳಿ ಕೆರೆಗೂ ಸಮೀಪದಲ್ಲಿದೆ. ಸಂಖ್ಯೆಗಳಿಂದ ಗುರುತಿಸಲಾಗುವ ಮೇನ್ ಮತ್ತು ಕ್ರಾಸ್‌ಗಳು ಚೌಕುಳಿಯಂತೆ ಹೆಣೆದುಕೊಂಡಿವೆ. ವಿಶ್ವವಿದ್ಯಾನಿಲಯದ ಈಜುಕೊಳ ಇಲ್ಲಿದೆ. ದಿನಸಿ ಅಂಗಡಿ, ಔಷಧಿ ಅಂಗಡಿ, ಹೋಟೆಲು, ಜೆರಾಕ್ಸ್ ಅಂಗಡಿ ಮತ್ತು ಮೆಸ್‌ಗಳು ವಾಸದ ಬೀದಿಗಳಿಂದ ಸ್ವಲ್ಪವೇ ದೂರದಲ್ಲಿ ದೊರೆಯುವುದರಿಂದ, ವಾಹನವಿಲ್ಲದವರಿಗೆ ಅನುಕೂಲವಾದ ಬಡಾವಣೆಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಜಯಲಕ್ಷ್ಮಿಪುರಂ ಮತ್ತು ಒಂಟಿಕೊಪ್ಪಲು: ಹುಣಸೂರು ರಸ್ತೆಯ ಉತ್ತರಕ್ಕಿರುವ ಈ ಬಡಾವಣೆಗಳಲ್ಲಿ ಕಾಂಪೌಂಡಿನೊಳಗೆ ಕೈತೋಟವುಳ್ಳ ಹಳೆಯ ಮನೆಗಳು ಇನ್ನೂ ಉಳಿದಿವೆ. ಒಂಟಿಕೊಪ್ಪಲನ್ನು ವಾಣಿವಿಲಾಸ ಮೊಹಲ್ಲಾ ಎಂದೂ ಕರೆಯಲಾಗುತ್ತದೆ. ಕುವೆಂಪು ಅವರ ಮನೆ ‘ಉದಯರವಿ’ ಈ ಭಾಗದಲ್ಲಿದೆ. ಇಲ್ಲಿಂದ ಮಾನಸಗಂಗೋತ್ರಿಗೆ ಅಂತರ ಕಡಿಮೆ. ಆದರೆ ಹುಣಸೂರು ರಸ್ತೆಯನ್ನು ದಾಟುವುದು ಅನಿವಾರ್ಯ.

ಪಡುವಾರಹಳ್ಳಿ, ತೊಣಚಿಕೊಪ್ಪಲು ಮತ್ತು ಕನ್ನೇಗೌಡನಕೊಪ್ಪಲು: ಇವು ಮೂಲತಃ ಗ್ರಾಮಗಳು. ಕಿರಿದಾದ ಬೀದಿಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಗ್ರಾಮದೇವತೆಯ ಗುಡಿ ಮತ್ತು ಮನೆ ಮುಂದಿನ ಜಗಲಿಗಳು ಇಲ್ಲಿನ ಹಳೆಯ ಭಾಗಗಳಲ್ಲಿ ಕಂಡುಬರುತ್ತವೆ. ಯೋಜಿತ ಬಡಾವಣೆಗಳಿಗೆ ಹೋಲಿಸಿದರೆ ಇಲ್ಲಿ ಒಂಟಿ ಕೋಣೆಗಳು ಸಾಮಾನ್ಯವಾಗಿ ಕಡಿಮೆ ಬಾಡಿಗೆಗೆ ದೊರೆಯುತ್ತವೆ. ಗ್ರಾಮೀಣ ಹಿನ್ನೆಲೆಯ ಅನೇಕ ವಿದ್ಯಾರ್ಥಿಗಳಿಗೆ ನಗರದ ಮೊದಲ ನೆಲೆ ಇಂತಹ ಕೊಪ್ಪಲುಗಳೇ ಆಗಿರುತ್ತವೆ.

ಕುವೆಂಪುನಗರ, ಗೋಕುಲಂ ಮತ್ತು ಯಾದವಗಿರಿ: ಇವು ಆವರಣದಿಂದ ಸುಮಾರು 2ರಿಂದ 3 ಕಿ.ಮೀ. ದೂರದಲ್ಲಿವೆ. ಕುವೆಂಪುನಗರವು ಸ್ವಂತ ಮಾರುಕಟ್ಟೆ, ಶಾಲೆ, ಉದ್ಯಾನಗಳುಳ್ಳ ದೊಡ್ಡ ಬಡಾವಣೆ. ಗೋಕುಲಂ ಅಷ್ಟಾಂಗ ಯೋಗಾಭ್ಯಾಸಕ್ಕೆ ಬರುವ ವಿದೇಶೀಯರಿಂದಾಗಿ ಪ್ರಸಿದ್ಧವಾಗಿದ್ದು, ಅಲ್ಲಿ ಅಲ್ಪಾವಧಿ ಬಾಡಿಗೆಯ ಮನೆಗಳಿಗೆ ಬೇಡಿಕೆ ಇದೆ. ರೈಲು ನಿಲ್ದಾಣಕ್ಕೆ ಹತ್ತಿರವಿರುವ ಯಾದವಗಿರಿಯಲ್ಲಿ ಲೇಖಕ ಆರ್. ಕೆ. ನಾರಾಯಣ್ ಅವರು ವಾಸವಾಗಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ನಡಿಗೆಗೆ ಅನುಕೂಲತೆ

ಸಾಮಾನ್ಯ ವೇಗದಲ್ಲಿ ನಡೆಯುವ ವ್ಯಕ್ತಿಯು ಗಂಟೆಗೆ ಸುಮಾರು 4.5ರಿಂದ 5 ಕಿ.ಮೀ. ಕ್ರಮಿಸುತ್ತಾನೆ. ಆದುದರಿಂದ 1 ಕಿ.ಮೀ. ದೂರಕ್ಕೆ 12–13 ನಿಮಿಷಗಳು ಬೇಕಾಗುತ್ತವೆ. ಮಾನಸಗಂಗೋತ್ರಿಯಂತಹ ವಿಶಾಲ ಆವರಣದಲ್ಲಿ ದ್ವಾರದಿಂದ ಅಧ್ಯಯನ ವಿಭಾಗಕ್ಕೆ ಇರುವ ದೂರವನ್ನೂ ಇದಕ್ಕೆ ಸೇರಿಸಬೇಕಾಗುತ್ತದೆ. ದ್ವಾರದ ಎದುರಿಗೇ ಇರುವ ಮನೆಯಿಂದಲೂ ಆವರಣದ ಇನ್ನೊಂದು ಅಂಚಿನಲ್ಲಿರುವ ವಿಭಾಗವನ್ನು ತಲುಪಲು ಸಾಕಷ್ಟು ಸಮಯ ಹಿಡಿಯುವುದುಂಟು. ರಾತ್ರಿ ವೇಳೆ ಕೆಲವು ದ್ವಾರಗಳು ಮುಚ್ಚಿದ್ದರೆ ಅದೇ ಮನೆಗೆ ಸುತ್ತು ದಾರಿಯಲ್ಲಿ ಹಿಂದಿರುಗಬೇಕಾಗುತ್ತದೆ. ಗ್ರಂಥಾಲಯ ಮತ್ತು ಪ್ರಯೋಗಾಲಯಗಳಲ್ಲಿ ತಡವಾಗಿ ಕೆಲಸ ಮಾಡುವವರಿಗೆ, ವಿಶೇಷವಾಗಿ ವಿದ್ಯಾರ್ಥಿನಿಯರಿಗೆ, ಹಗಲಿನ ದೂರಕ್ಕಿಂತ ರಾತ್ರಿಯ ದಾರಿ ಮುಖ್ಯವಾಗುತ್ತದೆ. ಬೀದಿದೀಪ, ತೆರೆದಿರುವ ಅಂಗಡಿಗಳು, ಜನಸಂಚಾರ ಮತ್ತು ಬೀದಿನಾಯಿಗಳ ಉಪಟಳ ಇವೆಲ್ಲವೂ ನಡಿಗೆಯ ಅನುಕೂಲವನ್ನು ನಿರ್ಧರಿಸುತ್ತವೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದ ಪಾದಚಾರಿ ಮಾರ್ಗದಲ್ಲಿ ಯಾವುದೇ ಅಡ್ಡಿಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗಲು ಬೇಕಾಗುವಷ್ಟು ಜಾಗ ಇದಾಗಿದೆ. ಹಳೆಯ ಬಡಾವಣೆಗಳಲ್ಲಿ ಪಾದಚಾರಿ ಮಾರ್ಗಕ್ಕೆ ಜಾಗ ಮೀಸಲಾಗಿದ್ದರೂ, ಮನೆಯ ಇಳಿಜಾರು ಕಟ್ಟೆ, ವಿದ್ಯುತ್ ಪರಿವರ್ತಕ, ನಿಲ್ಲಿಸಿದ ಬೈಕು ಮತ್ತು ಕಟ್ಟಡ ಸಾಮಗ್ರಿಗಳಿಂದ ಅದು ಅಲ್ಲಲ್ಲಿ ತುಂಡಾಗಿರುತ್ತದೆ. ಆದರೂ ಒಳಬೀದಿಗಳಲ್ಲಿ ವಾಹನಗಳು ವಿರಳವಾದುದರಿಂದ ಜನರು ರಸ್ತೆಯ ಅಂಚಿನಲ್ಲಿಯೇ ನಡೆಯುತ್ತಾರೆ. ಹೊಂಗೆ, ಗುಲ್‌ಮೊಹರ್, ಮಳೆಮರ ಮುಂತಾದ ಸಾಲುಮರಗಳ ನೆರಳು ಬೇಸಿಗೆಯಲ್ಲಿ ನಡಿಗೆಯನ್ನು ಹಗುರಗೊಳಿಸುತ್ತದೆ.

ನಡಿಗೆಗೆ ಪೂರಕವಾಗಿ ನಗರ ಸಾರಿಗೆ ಬಸ್ಸುಗಳಿವೆ. ಹುಣಸೂರು ರಸ್ತೆ ಮತ್ತು ಬೋಗಾದಿ ರಸ್ತೆಗಳ ಬಸ್ಸುಗಳು ಆವರಣವನ್ನು ನಗರದ ಮಧ್ಯಭಾಗಕ್ಕೆ ಜೋಡಿಸುತ್ತವೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ ಮೇಲೆ, ಸ್ವಲ್ಪ ದೂರದ ಬಡಾವಣೆಗಳೂ ವಿದ್ಯಾರ್ಥಿನಿಯರ ಆಯ್ಕೆಯ ವ್ಯಾಪ್ತಿಗೆ ಬಂದವು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬೈಸಿಕಲ್ ಹಂಚಿಕೆ ವ್ಯವಸ್ಥೆ ಸುಮಾರು 450 ಬೈಸಿಕಲ್‌ಗಳೊಂದಿಗೆ ಆರಂಭವಾಯಿತು.

ನಿಶ್ಶಬ್ದತೆ

ಒಂದೇ ಬಡಾವಣೆಯಲ್ಲಿ ಬೀದಿಯಿಂದ ಬೀದಿಗೆ ಸದ್ದಿನ ಪ್ರಮಾಣ ಬದಲಾಗುತ್ತದೆ. ಮುಖ್ಯರಸ್ತೆಗೆ ಮುಖ ಮಾಡಿದ ಮನೆ ಮತ್ತು ಅದರಿಂದ ಎರಡು ಕ್ರಾಸ್ ಒಳಗಿರುವ ಮನೆಗಳ ನಡುವೆ ಗಮನಾರ್ಹ ವ್ಯತ್ಯಾಸವಿರುತ್ತದೆ. ನಡುವಿನ ಮನೆಗಳ ಸಾಲು ಮತ್ತು ಗೋಡೆಗಳು ಸದ್ದನ್ನು ತಡೆಯುವುದು ಇದಕ್ಕೆ ಕಾರಣ. ರೈಲು ಮಾರ್ಗದ ಅಂಚು, ಲೆವೆಲ್ ಕ್ರಾಸಿಂಗ್‌ಗಳ ಸಮೀಪ ಮತ್ತು ಕಲ್ಯಾಣ ಮಂಟಪಗಳ ಅಕ್ಕಪಕ್ಕದ ಬೀದಿಗಳು ಬಡಾವಣೆಯ ಉಳಿದ ಭಾಗಗಳಿಗಿಂತ ಹೆಚ್ಚು ಗದ್ದಲದಿಂದ ಕೂಡಿರುತ್ತವೆ.

ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗಿನ ಅವಧಿ. ಆಸ್ಪತ್ರೆ, ವಿದ್ಯಾಸಂಸ್ಥೆ ಮತ್ತು ನ್ಯಾಯಾಲಯಗಳ ಸುತ್ತಲಿನ ಪ್ರದೇಶವನ್ನು ಸರ್ಕಾರವು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಮಿತಿಯು 50 ಮತ್ತು 40 ಡೆಸಿಬಲ್ ಆಗಿರುತ್ತದೆ.

ಋತುಮಾನಕ್ಕೆ ಅನುಗುಣವಾಗಿಯೂ ನಿಶ್ಶಬ್ದತೆ ಬದಲಾಗುತ್ತದೆ. ದಸರಾ ಸಂದರ್ಭದಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುವಾಗ ಧ್ವನಿವರ್ಧಕಗಳ ಸದ್ದು ಸುತ್ತಲಿನ ಬೀದಿಗಳಿಗೂ ಕೇಳಿಸುತ್ತದೆ. ಗಣೇಶ ಚತುರ್ಥಿಯ ದಿನಗಳಲ್ಲಿ ಬೀದಿ ಪೆಂಡಾಲುಗಳೂ ಮಾಘದಿಂದ ವೈಶಾಖದವರೆಗಿನ ಮದುವೆ ಮುಹೂರ್ತಗಳಲ್ಲಿ ವಾದ್ಯಗಳೂ ಸಹಜ. ಪರೀಕ್ಷೆ ಮುಗಿದು ರಜೆ ಆರಂಭವಾದೊಡನೆ ವಿದ್ಯಾರ್ಥಿಗಳು ಹೆಚ್ಚಾಗಿರುವ ಬೀದಿಗಳು ಬಿಕೋ ಎನ್ನುತ್ತವೆ.

ಕುಕ್ಕರಹಳ್ಳಿ ಕೆರೆ

ಈ ಬಡಾವಣೆಗಳ ನಡುವಣ ಮುಖ್ಯ ತೆರೆದ ಜಾಗವೆಂದರೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1864ರಲ್ಲಿ, ನಗರದ ಹೊರಗಿನ ಜಮೀನುಗಳಿಗೆ ನೀರುಣಿಸಲು ಇದನ್ನು ನಿರ್ಮಿಸಲಾಯಿತು. ನೀರಾವರಿಯ ಉದ್ದೇಶ ಮರೆಯಾದ ಮೇಲೆ ಇದು ವಾಯುವಿಹಾರ ಮತ್ತು ಪಕ್ಷಿವೀಕ್ಷಣೆಯ ತಾಣವಾಗಿ ಉಳಿದಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ ಮೊದಲಾದ ನೀರುಹಕ್ಕಿಗಳು ಇಲ್ಲಿ ಕಾಣಸಿಗುತ್ತವೆ. ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ನಿಗದಿತ ವೇಳೆಯಲ್ಲಿ ಸಾರ್ವಜನಿಕರಿಗೆ ಪ್ರವೇಶವಿದೆ. ಕುವೆಂಪು ಮತ್ತು ಆರ್. ಕೆ. ನಾರಾಯಣ್ ಇಬ್ಬರೂ ಈ ಕೆರೆಯ ದಂಡೆಯಲ್ಲಿ ವಾಯುಸೇವನೆ ಮಾಡುತ್ತಿದ್ದವರು.

ಕೆರೆಯು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಇದರ ದಂಡೆಯಲ್ಲಿ ಕಟ್ಟಡಗಳು ಬೆಳೆಯದಿರುವುದರಿಂದ ಸುತ್ತಲಿನ ಬಡಾವಣೆಗಳಿಗೆ ತಂಪು ಮತ್ತು ಮೌನ ದೊರಕಿವೆ. ಕೊಳಚೆ ನೀರು ಕೆರೆಗೆ ಸೇರುವುದು ಬಹುಕಾಲದಿಂದ ಸಮಸ್ಯೆಯಾಗಿದ್ದು, ಪರಿಸರಾಸಕ್ತರು ಇದರ ಬಗ್ಗೆ ಮತ್ತೆ ಮತ್ತೆ ದನಿ ಎತ್ತಿದ್ದಾರೆ.

ಬಾಡಿಗೆ ವಸತಿ

ಈ ಬಡಾವಣೆಗಳಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಗಳ ಹೊರಗೆ ವಾಸಿಸುವವರಿಗೆ ಮುಖ್ಯವಾಗಿ ನಾಲ್ಕು ಬಗೆಯ ವಸತಿ ದೊರೆಯುತ್ತದೆ: ಮಾಲೀಕರ ಮನೆಯ ಮಹಡಿ ಅಥವಾ ಹಿಂಬದಿಯ ಕೋಣೆ, ಹಲವರು ಸೇರಿ ಹಿಡಿಯುವ ಇಡೀ ಮನೆ, ಊಟ ಸಹಿತವಾದ ಪಿ.ಜಿ. ಮತ್ತು ಸಮುದಾಯ ಅಥವಾ ಸರ್ಕಾರ ನಡೆಸುವ ವಿದ್ಯಾರ್ಥಿನಿಲಯ. ಮಾಸಿಕ ಬಾಡಿಗೆಯಲ್ಲದೆ, ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕರಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಅದನ್ನು ಹಿಂಪಡೆಯುವ ‘ಭೋಗ್ಯ’ದ ಪದ್ಧತಿಯೂ ರೂಢಿಯಲ್ಲಿದೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದಾಗಿರುತ್ತದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕಾಗಿರುವುದು ಇದಕ್ಕೆ ಕಾರಣ.

ಮನೆಯ ಆಯ್ಕೆಯಲ್ಲಿ ಬಾಡಿಗೆಯ ಮೊತ್ತವೊಂದನ್ನೇ ಹೋಲಿಸಿದರೆ ವೆಚ್ಚದ ಪೂರ್ಣ ಚಿತ್ರ ದೊರೆಯುವುದಿಲ್ಲ. ದೂರದ ಬಡಾವಣೆಯಲ್ಲಿ ಉಳಿತಾಯವಾಗುವ ಬಾಡಿಗೆಯು ಆಟೋ, ಪೆಟ್ರೋಲು ಮತ್ತು ಸಮಯದ ರೂಪದಲ್ಲಿ ಖರ್ಚಾಗಬಹುದು. ಬೆಳಗಿನ ತರಗತಿಯ ವೇಳೆ, ಸಂಜೆಯ ವಾಹನ ದಟ್ಟಣೆಯ ವೇಳೆ ಮತ್ತು ರಾತ್ರಿ 9ರ ಬಳಿಕ, ಹೀಗೆ ಮೂರು ಹೊತ್ತಿನಲ್ಲಿ ಮನೆಯಿಂದ ವಿಭಾಗದವರೆಗೆ ನಡೆದು ನೋಡಿದಾಗ ದಾರಿಯ ಗುಣವೂ ಬೀದಿಯ ಸದ್ದೂ ಸ್ಪಷ್ಟವಾಗುತ್ತವೆ. ಕಿಟಕಿ ಯಾವ ದಿಕ್ಕಿಗಿದೆ, ನೀರು ಯಾವ ಹೊತ್ತಿಗೆ ಬರುತ್ತದೆ, ಪಕ್ಕದ ನಿವೇಶನ ಖಾಲಿಯಿದ್ದು ಮುಂದೆ ಅಲ್ಲಿ ಕಟ್ಟಡ ಏಳುವ ಸಂಭವವಿದೆಯೇ ಎಂಬ ಸಂಗತಿಗಳೂ ನೆಮ್ಮದಿಯ ಮೇಲೆ ಪರಿಣಾಮ ಬೀರುತ್ತವೆ.

ಆಯ್ಕೆಯ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿ ಲಭ್ಯವಿಲ್ಲ. ‘ಕುಟುಂಬದವರಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತುಗಳು ಹಳೆಯ ಬಡಾವಣೆಗಳಲ್ಲಿ ಅಪರೂಪವಲ್ಲ. ಜಾತಿ, ಧರ್ಮ ಮತ್ತು ಊರನ್ನು ಪರೋಕ್ಷವಾಗಿ ವಿಚಾರಿಸಿ ಮನೆ ನಿರಾಕರಿಸುವುದೂ ಉಂಟು. ಇದರಿಂದಾಗಿ ಬಾಡಿಗೆ ಕೊಡುವ ಶಕ್ತಿಯಿದ್ದರೂ ಕೆಲವರು ಆವರಣದ ಸಮೀಪದ ಶಾಂತ ಬೀದಿಗಳಿಂದ ಹೊರಗುಳಿಯುತ್ತಾರೆ. ಕೊಪ್ಪಲುಗಳು ಮತ್ತು ಸರ್ಕಾರಿ ವಿದ್ಯಾರ್ಥಿನಿಲಯಗಳು ವಿದ್ಯಾರ್ಥಿ ಜೀವನದಲ್ಲಿ ಮಹತ್ವದ ಪಾತ್ರ ವಹಿಸಲು ಇದೂ ಒಂದು ಕಾರಣವಾಗಿದೆ.

ಬದಲಾವಣೆ ಮತ್ತು ಸವಾಲುಗಳು

ಹಳೆಯ ಒಂಟಿ ಮನೆಗಳು ತೆರವಾಗಿ, ಆ ನಿವೇಶನಗಳಲ್ಲಿ ಬಹುಮಹಡಿ ವಸತಿ ಸಮುಚ್ಚಯ, ಪಿ.ಜಿ., ಕೋಚಿಂಗ್ ಕೇಂದ್ರ ಮತ್ತು ಉಪಾಹಾರ ಗೃಹಗಳು ಏಳುತ್ತಿರುವುದು ಇತ್ತೀಚಿನ ದಶಕಗಳ ಪ್ರಮುಖ ಬದಲಾವಣೆ. ಇವು ದಿನಬಳಕೆಯ ಅನುಕೂಲಗಳನ್ನು ಮನೆಯ ಸಮೀಪಕ್ಕೆ ತಂದು ನಡಿಗೆಯನ್ನು ಉತ್ತೇಜಿಸುತ್ತವೆ. ಅದೇ ವೇಳೆ ವಾಹನ ನಿಲುಗಡೆ, ಕಸ ಮತ್ತು ರಾತ್ರಿಯ ಗದ್ದಲವನ್ನೂ ಹೆಚ್ಚಿಸುತ್ತವೆ. ರಸ್ತೆ ಅಗಲೀಕರಣಕ್ಕಾಗಿ ಸಾಲುಮರಗಳನ್ನು ಕಡಿಯುವ ಪ್ರಸ್ತಾಪಗಳಿಗೆ ಮೈಸೂರಿನಲ್ಲಿ ನಾಗರಿಕರಿಂದ ವಿರೋಧ ವ್ಯಕ್ತವಾಗುತ್ತ ಬಂದಿದೆ.

ಈ ಬಡಾವಣೆಗಳ ಶಾಂತತೆಯು ಮರ, ಕೆರೆ, ಕಿರಿದಾದರೂ ಅಡ್ಡಿಯಿಲ್ಲದ ಪಾದಚಾರಿ ಮಾರ್ಗ ಮತ್ತು ಒಳಬೀದಿಗಳಲ್ಲಿ ಮಿತವಾಗಿರುವ ವಾಹನ ಸಂಚಾರವನ್ನು ಅವಲಂಬಿಸಿದೆ. ಇವುಗಳಲ್ಲಿ ಯಾವುದೂ ಒಂದು ಮನೆಗೆ ಸೇರಿದ ಸ್ವತ್ತಲ್ಲ. ನಿವಾಸಿಗಳು, ನಗರ ಪಾಲಿಕೆ ಮತ್ತು ವಿಶ್ವವಿದ್ಯಾನಿಲಯ ಒಟ್ಟಾಗಿ ಇವುಗಳನ್ನು ಕಾಯ್ದುಕೊಂಡಷ್ಟು ಕಾಲ ಮಾತ್ರ ಈ ಬೀದಿಗಳ ಗುಣ ಉಳಿಯುತ್ತದೆ.